ಹಿಮ್ಮಡಿ ಮೂಳೆ ಮುರಿದರೆ ಸಣ್ಣ ಗಾಯದ ಆಪರೇಷನ್

ಹಿಮ್ಮಡಿ ಒಡೆದಿದೆ ಎಂದರೆ ನಮ್ಮ ಕಡೆ ಎಲ್ಲರೂ ಮುಲಾಮಿನ ಹೆಸರು ಹೇಳುತ್ತಾರೆ. ಒಡೆದದ್ದು ಚರ್ಮವಲ್ಲ, ಒಳಗಿನ ಮೂಳೆ ಎಂದು ಬಿಡಿಸಿ ಹೇಳಬೇಕು. ಅಡಿಕೆ, ತೆಂಗಿನ ಮರದಿಂದ ಜಾರಿ ಕಾಲೂರಿ ಬಿದ್ದವರಿಗೆ ಆಗುವ ಪೆಟ್ಟು ಇದು. ಹೊರಗೆ ತೆಳುವಾದ ಗಟ್ಟಿ ಪದರ, ಒಳಗೆ ಸ್ಪಂಜಿನಂಥ ಮೂಳೆ. ಇಡೀ ಮೈಭಾರ ಒಮ್ಮೆಲೇ ಅದರ ಮೇಲೆ ಬಿದ್ದರೆ ಅಪ್ಪಚ್ಚಿಯಾಗುತ್ತದೆ.

ಕಳೆದ ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯಲು ಹತ್ತಿದ್ದ ನಮ್ಮೂರ ಕೊನೆಗಾರರು ಪಾಚಿಗೆ ಜಾರಿ ಬಿದ್ದರು. ಅವರ ಜೊತೆ ಆಸ್ಪತ್ರೆಗೆ ನಾವೇ ಹೋಗಿದ್ದೆವು. ಡಾಕ್ಟರು ಕಾಲಿನ ಜೊತೆ ಸೊಂಟದ ಎಕ್ಸ್‌ರೇಯನ್ನೂ ತೆಗೆಸಿದರು. ಹಿಮ್ಮಡಿ ಮುರಿಯುವಷ್ಟು ಎತ್ತರದಿಂದ ಬಿದ್ದರೆ ಬೆನ್ನುಮೂಳೆಗೂ ಪೆಟ್ಟಾಗಿರಬಹುದಂತೆ. ಆಮೇಲೆ ಸಿ.ಟಿ. ಸ್ಕ್ಯಾನ್.

ಹಿಂದಿನಿಂದ ನಡೆದು ಬಂದ ಆಪರೇಷನ್‌ನಲ್ಲಿ ಪಾದದ ಹೊರಬದಿಗೆ ಇಂಗ್ಲಿಷಿನ 'ಎಲ್' ಆಕಾರದಲ್ಲಿ ಉದ್ದಕ್ಕೆ ಕೊಯ್ದು ಪ್ಲೇಟು ಕೂರಿಸುತ್ತಾರೆ. ಮೂಳೆ ಚೆನ್ನಾಗಿ ಕಾಣುತ್ತದೆ, ತೊಂದರೆ ಇರುವುದು ಚರ್ಮದ್ದು. ಅಲ್ಲಿ ಚರ್ಮ ತೆಳು, ಕೆಳಗೆ ಮಾಂಸ ಕಡಿಮೆ. ಗಾಯ ಕೂಡದೆ ಕೀವಾಗುವುದುಂಟು. ಬೀಡಿ ಸೇದುವವರಿಗೆ, ಸಕ್ಕರೆ ಕಾಯಿಲೆಯವರಿಗೆ ಆ ಅಪಾಯ ಇನ್ನೂ ಹೆಚ್ಚು. ಅದಕ್ಕೇ ಬಾವು ಇಳಿದು ಚರ್ಮದಲ್ಲಿ ಸುಕ್ಕು ಕಾಣುವವರೆಗೆ ಒಂದೆರಡು ವಾರ ಕಾಯುತ್ತಾರೆ.

ಸಣ್ಣ ಗಾಯದ ವಿಧಾನದಲ್ಲಿ ಹೊರಗಿನ ಹರಡಿನ ಕೆಳಗೆ 3-4 ಸೆಂಟಿಮೀಟರ್ ಮಾತ್ರ ಕೊಯ್ಯುತ್ತಾರೆ. ಕುಸಿದ ಕೀಲಿನ ಭಾಗವನ್ನು ಅಲ್ಲಿಂದ ಎತ್ತಿ, ಎಕ್ಸ್‌ರೇ ಪರದೆ ನೋಡಿಕೊಂಡು ಚಿಕ್ಕ ತೂತುಗಳಿಂದ ಸ್ಕ್ರೂ ಹಾಕುತ್ತಾರೆ. ಗಾಯದ ತೊಂದರೆ ಕಡಿಮೆ. ಆದರೆ ಮೂಳೆ ತೀರಾ ಚೂರುಚೂರಾಗಿದ್ದರೆ ಇಷ್ಟು ಚಿಕ್ಕ ಕಿಂಡಿಯಿಂದ ಸರಿ ಜೋಡಿಸುವುದು ಕಷ್ಟ. ಇನ್ನೊಂದು, ತಡವಾಗಬಾರದು. ಚೂರುಗಳು ಅಂಟಿಕೊಳ್ಳಲು ಶುರುವಾದರೆ ಸಣ್ಣ ಗಾಯದಿಂದ ಅವನ್ನು ಅಲುಗಿಸಲು ಆಗುವುದಿಲ್ಲ. ನಾವು ಹೋದ ದಿನವೇ ನಾಟಿ ಕಟ್ಟು ಕಟ್ಟಿಸಿಕೊಂಡು ಮೂರು ವಾರ ಕಳೆದು ಬಂದ ಇನ್ನೊಬ್ಬರಿದ್ದರು. ಅವರಿಗೆ ಆ ದಾರಿ ಆಗಲೇ ಮುಚ್ಚಿತ್ತು. ಮುರಿದ ತುಂಡು ಹಿಂಬದಿಯ ಚರ್ಮವನ್ನು ಒಳಗಿನಿಂದ ಒತ್ತಿ, ಅಲ್ಲಿ ಬಿಳುಚಿಕೊಂಡಿದ್ದರಂತೂ ಒಂದು ದಿನವೂ ಕಾಯುವ ಹಾಗಿಲ್ಲ. ಅದೇ ದಿನ ಓಡಬೇಕು.

ಹಾಗೆಂದು ಎಲ್ಲರಿಗೂ ಆಪರೇಷನ್ ಬೇಕೆಂದಲ್ಲ. 2014ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ 151 ಜನರ ಪೈಕಿ ಕೆಲವರಿಗೆ ದೊಡ್ಡ ಗಾಯದ ಆಪರೇಷನ್ ಮಾಡಿ, ಉಳಿದವರಿಗೆ ಆಪರೇಷನ್ ಇಲ್ಲದೆ ಆರೈಕೆ ಮಾಡಿದ್ದರು. ಎರಡು ವರ್ಷದ ನಂತರ ನೋವಿನಲ್ಲಾಗಲಿ ನಡಿಗೆಯಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹಿಮ್ಮಡಿಯ ಆಕಾರ ತೀರಾ ಕೆಟ್ಟವರನ್ನು ಅದರಲ್ಲಿ ಸೇರಿಸಿರಲಿಲ್ಲ. "ಆಪರೇಷನ್ ಮಾಡದಿದ್ದರೆ ಏನಾಗುತ್ತೆ?" ಎಂದು ಡಾಕ್ಟರನ್ನು ಕೇಳುವುದಕ್ಕೆ ಸಂಕೋಚ ಬೇಡ.

ನಮ್ಮ ಕೊನೆಗಾರರಿಗೆ ಸಣ್ಣ ಗಾಯದ್ದೇ ಆಯಿತು. ಹೊಲಿಗೆ ಬೇಗ ಮಾಗಿತು. "ಗಾಯ ಇಷ್ಟೇ ಅಲ್ವಾ ತಮ್ಮಾ, ಕೊಯ್ಲಿಗೆ ಹತ್ತಬಹುದಲ್ಲ?" ಎಂದು ನಮ್ಮನ್ನೇ ಕೇಳಿದರು. ಅಲ್ಲೇ ಎಲ್ಲರೂ ಮೋಸ ಹೋಗುವುದು. ಗಾಯ ಚಿಕ್ಕದಾದರೂ ಒಳಗಿನ ಮೂಳೆ ಕೂಡಲು ಅಷ್ಟೇ ಕಾಲ ಬೇಕು. ಆರರಿಂದ ಹನ್ನೆರಡು ವಾರ ಆ ಕಾಲಿನ ಮೇಲೆ ಭಾರ ಹಾಕುವಂತಿಲ್ಲ.

ಆಮೇಲೂ ಹರಡಿನ ಕೆಳಗಿನ ಕೀಲು ಬಿಗಿದುಕೊಳ್ಳಬಹುದು. ಪಾದ ಪಕ್ಕಕ್ಕೆ ವಾಲುವುದು ಆ ಕೀಲಿನಿಂದ. ಟಾರು ರಸ್ತೆಯಲ್ಲಿ ನಡೆಯುವವರಿಗೆ ಅದು ಅಷ್ಟಾಗಿ ಗೊತ್ತಾಗದಿರಬಹುದು, ಗದ್ದೆ ಬದುವಿನ ಮೇಲೆ ಗೊತ್ತಾಗುತ್ತದೆ. ಕಾಲಿಗೆ ಹಗ್ಗದ ಬಳೆ ಹಾಕಿ ಎರಡೂ ಪಾದಗಳನ್ನು ಮರಕ್ಕೆ ಒತ್ತಿ ಏರುವವರಿಗೆ ಬೇಕಾದದ್ದೇ ಆ ವಾಲುವಿಕೆ.

ಈ ಸಲದ ಕೊಯ್ಲಿಗೆ ಅವರು ನೆಲದ ಮೇಲೆ ನಿಂತು ದೋಟಿ ಹಿಡಿದರು. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ತೆಂಗನ್ನೂ ಹತ್ತುತ್ತಿದ್ದ ಅವರು ಅದನ್ನು ಮಾಡಿಸಿರಲಿಲ್ಲ. ಮಗನ ಹೆಸರಿನಲ್ಲಿ ಮಾಡಿಸೋಣ ಎಂದೆವು. ಮಗ ಮರ ಹತ್ತುವುದೇ ಬೇಡ ಎಂದರು.