ಜ್ವರ ನೋಡಿ ಹೇಳಲಾಗದು

ಲಕ್ಷಣ ನೋಡಿ ಬಗ್ ಯಾವುದೆಂದು ಊಹಿಸಬೇಡ, ಟೆಸ್ಟ್ ಮಾಡು ಅನ್ನೋದು ನಮ್ಮ ಸಾಫ್ಟ್‌ವೇರಿನ ಮೊದಲ ಪಾಠ. ಮರ್ಕಂಜದ ಗೆಳೆಯನಿಗೂ ಅದನ್ನೇ ಹೇಳಿದೆ. ಕಾಂಡೋಮ್ ಇಲ್ಲದ ಒಂದು ರಾತ್ರಿ ಕಳೆದು ತಿಂಗಳಾಗಿತ್ತು. ಈಗ ಜ್ವರ, ಮೈಮೇಲೆ ಕೆಂಪು ದದ್ದು. ಮನೆಯಲ್ಲಿ ಹೆಣ್ಣು ನೋಡುತ್ತಿದ್ದರು ಬೇರೆ.

"ಡೆಂಗಿಯೂ ಹೀಗೇ ಇರ್ತದೆ ಮಾರಾಯಾ, ರಕ್ತವೇ ಹೇಳಬೇಕು."

72 ಗಂಟೆಯೊಳಗಾದರೆ ಸೋಂಕು ತಡೆಯಲು 28 ದಿನದ ಮಾತ್ರೆ ಇದೆ. ಅವನಿಗೆ ಆ ಹೊತ್ತು ದಾಟಿತ್ತು. ಸರಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಪುಕ್ಕಟೆ. ಆದರೆ ಸುಳ್ಯದಲ್ಲಿ ಗುರುತಿನವರು ಸಿಕ್ಕಿದರೆ ಅಂತಲೇ ಅವನ ಹೆದರಿಕೆ! ಫಲಿತಾಂಶ ಗುಟ್ಟಾಗಿಡಬೇಕೆಂದು 2017ರ ಕಾಯ್ದೆಯೇ ಇದೆ ಅಂದರೂ ಕೇಳದೆ ಮಂಗಳೂರಿಗೆ ಹೋದ.

ನೆಗೆಟಿವ್... ಆದರೂ 3 ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ ಮಾಡಿಸಬೇಕು. ಹೆಣ್ಣು ನೋಡುವುದೂ ಅಲ್ಲಿವರೆಗೆ ಮುಂದಕ್ಕೆ.