ನಿದಾನವೂ ನಿಧಾನವೂ

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಅಳಿಯಂದಿರ ಬಳಿ 1965 ರ ಎಂ.ಜಿ.ಬಿ. ಸ್ಪೋರ್ಟ್ಸ್ ಕಾರೊಂದುಂಟು. ಈ ಮಾದರಿಯು ಅಬಿಂಗ್ಡನ್ ಪಟ್ಟಣದಲ್ಲಿ 1962 ರಿಂದ 1980 ರ ವರೆಗೆ ತಯಾರಾಯಿತು. ಒಂದು ಚಳಿಗಾಲದಲ್ಲಿ ಆ ಬಂಡಿಯು ಹೊರಡಲೊಲ್ಲದೆ ಹೋಯಿತು. ಹೊಸ ಸ್ಟಾರ್ಟರು, ಹೊಸ ಬ್ಯಾಟರಿಗಳು ಎಂದು ವೆಚ್ಚದ ಪಟ್ಟಿಯು ಬೆಳೆಯುತ್ತಿರಲು, ಬಂಡಿಯನ್ನೇ ಮಾರಿಬಿಡುವೆನೆಂದು ಅವರು ಖಿನ್ನರಾದರು.

ನಾಡಿಯನ್ನು ನೋಡದೆ ವೈದ್ಯನು ಔಷಧವನ್ನು ಕೊಡಬಹುದೆ? ಎಂಜಿನು ತಿರುಗುವುದೆ, ಕಿಡಿ ಹಾರುವುದೆ, ಪೆಟ್ರೋಲು ತಲಪುವುದೆ ಎಂಬ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳತಕ್ಕದ್ದು. ಇಲ್ಲಿ ಮೊದಲನೆಯದಕ್ಕೇ ಉತ್ತರವು ‘ಇಲ್ಲ’ ಎಂದಾಯಿತು. ಟಕ್ಕೆಂಬ ಸದ್ದಲ್ಲದೆ ಎಂಜಿನು ಅಲುಗಲಿಲ್ಲ. ಆಸನಗಳ ಹಿಂದಿನ ಎರಡು 6 ವೋಲ್ಟಿನ ಬ್ಯಾಟರಿಗಳು ಸೇರಿ 12.6 ವೋಲ್ಟು ತೋರಿದವು. ಕೀಲಿಯನ್ನು ತಿರುಗಿಸಿದಾಗಲೂ ಅದು 12 ಕ್ಕಿಂತ ಇಳಿಯಲಿಲ್ಲ. ಆದುದರಿಂದ ಶಕ್ತಿಯು ಇದೆ, ಹರಿಯುವ ದಾರಿಯು ಕಟ್ಟಿದೆ ಎಂದು ತಿಳಿಯಿತು. ಎಂಜಿನಿಗೂ ಬಂಡಿಯ ಮೈಗೂ ದಪ್ಪ ತಂತಿಯೊಂದನ್ನು ಜೋಡಿಸಲು ಎಂಜಿನು ತಿರುಗಿತು. ತಂತಿಯನ್ನು ತೆಗೆದು ಮತ್ತೆ ಯತ್ನಿಸಲು ತಿರುಗದಾಯಿತು. ತರ್ಕಶಾಸ್ತ್ರವು ಅನ್ವಯ-ವ್ಯತಿರೇಕವೆಂದು ಕರೆಯುವುದು ಇದನ್ನೇ ಅಲ್ಲವೆ?

ಅವೆರಡನ್ನೂ ಕೂಡಿಸುವ ಅರ್ತ್ ಪಟ್ಟಿಯ ಬುಡಕ್ಕೆ ತುಕ್ಕು ಹಿಡಿದಿತ್ತು. ಉಜ್ಜಿ ಬಿಗಿಯಲು ಅರ್ಧ ಗಂಟೆ ಸಾಕಾಯಿತು. ಮಾರುವ ಮಾತೂ ಅಲ್ಲಿಗೆ ಮುಗಿಯಿತು. ರೋಗನಿದಾನಕ್ಕೆ ನಿಧಾನವೇ ಮೊದಲನೆಯ ಉಪಕರಣವು.