ಅರಿಸಿನ ಮೆತ್ತಿದ ಮರ

ಮರದ ಕೆತ್ತನೆಯ ಸೊಗಸು ತಿಳಿಯಬೇಕಾದರೆ ನಂದಗುಡಿಯಂಥ ಊರಿನ ಹಳೆಯ ಮನೆಯೊಂದರ ಬಾಗಿಲ ಮುಂದೆ ನಿಲ್ಲಬೇಕು. ಹೊಸಕೋಟೆ ಸೀಮೆಯಲ್ಲಿ ಬಾಗಿಲುವಾಡ ನಿಲ್ಲಿಸುವುದೇ ಒಂದು ಶುಭಕಾರ್ಯ. ಅದರ ಬುಡಕ್ಕೆ ನವಧಾನ್ಯವನ್ನೂ ನಾಣ್ಯವನ್ನೂ ಹಾಕಿ, ಪೂಜೆ ಮಾಡಿದ ಮೇಲೆಯೇ ಗೋಡೆ ಏಳುವುದು. ನಿಲುವುಗಳಲ್ಲಿ ಬಳ್ಳಿ, ತಾವರೆ, ಗಿಳಿ. ಬಾಗಿಲ ಮೇಲಿನ ಹಲಗೆಯಲ್ಲಿ ಗಜಲಕ್ಷ್ಮಿ. ಆನೆಗಳು ಸೊಂಡಿಲೆತ್ತಿ ಲಕ್ಷ್ಮಿಗೆ ನೀರೆರೆಯುವ ಆ ಚಿತ್ರಕ್ಕೆ, ಬತ್ತದ ಹೊಳೆಯಿಲ್ಲದೆ ಕೆರೆಯನ್ನೇ ನೆಚ್ಚಿ ಬಾಳಿದ ಬಯಲುಸೀಮೆಯಲ್ಲಿ ಯಾರೂ ವ್ಯಾಖ್ಯಾನ ಬರೆಯಬೇಕಿಲ್ಲ. ಮಳೆ ಬಂದರೆ ಸಿರಿ ಎಂಬುದನ್ನು ಬಡಗಿ ಉಳಿ, ಕೊಡತಿ ಹಿಡಿದು ಹೇಳಿಬಿಟ್ಟಿದ್ದಾನೆ. ಆ ಬಾಗಿಲ ಹೊಸ್ತಿಲಿಗೆ ಮನೆಯ ಹೆಣ್ಣುಮಕ್ಕಳು ಅರಿಸಿನ ಬಳಿದು ಕುಂಕುಮವಿಡುತ್ತ ಬಂದುದರಿಂದ ಕೆತ್ತನೆಯ ಗೆರೆಗಳು ಮಸುಕಾಗಿರಬಹುದು, ಅರ್ಥ ಮಾತ್ರ ಗಟ್ಟಿಯಾಗಿದೆ. ಮರದ ಕೆತ್ತನೆಗೆ ಅರ್ಥ ಬರುವುದು ಬಳಕೆಯಿಂದ, ಅದು ಉಳಿಯುವುದು ಮತ್ತೆ ಮತ್ತೆ ಹೊಸದಾಗುವುದರಿಂದ ಎಂಬುದು ನನ್ನ ನಂಬಿಕೆ.

ಮರ ಗೆದ್ದಲಿಗೂ ಬೆಂಕಿಗೂ ತುತ್ತಾಗುವಂಥದು, ಸಂಸ್ಕೃತಿಯ ಭಾರ ಹೊರಲು ಕಲ್ಲೇ ಸರಿ ಎನ್ನುವವರಿದ್ದಾರೆ. ಮೈಸೂರಿನ ಮರದ ಅರಮನೆ 1897ರಲ್ಲಿ ಸುಟ್ಟುಹೋದದ್ದು ಅವರ ಮಾತಿಗೆ ಒಳ್ಳೆಯ ಸಾಕ್ಷಿ. ಆದರೆ ಅದೇ ಜಾಗದಲ್ಲಿ 1912ರ ಹೊತ್ತಿಗೆ ಎದ್ದ ಕಲ್ಲಿನ ಅರಮನೆಯೂ ಕೆತ್ತಿದ ಮರದ ಬಾಗಿಲುಗಳನ್ನು ಬಿಟ್ಟುಕೊಡಲಿಲ್ಲ. ಪುರಿಯ ಜಗನ್ನಾಥನ ಬೇವಿನ ಮರದ ಮೂರ್ತಿ 1996ರಲ್ಲಿ ಒಮ್ಮೆ, 2015ರಲ್ಲಿ ಮತ್ತೊಮ್ಮೆ ಹೊಸದಾಯಿತು. ಭಕ್ತರ ಪಾಲಿಗೆ ದೇವರು ಬದಲಾಗಲಿಲ್ಲ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಹಳೆಯ ಮರದ ಭೂತಮೂರ್ತಿಗಳು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯ ಸೇರಿವೆ, ಊರಿನ ಗುಡಿಯಲ್ಲಿ ಹೊಸ ಮೂರ್ತಿಗಳು ಪೂಜೆ ಪಡೆಯುತ್ತಿವೆ. ಕಲ್ಲು ಒಮ್ಮೆ ಕಡೆದವನನ್ನು ಮರೆತೂ ನಿಂತೀತು. ಮರಕ್ಕೆ ಪ್ರತಿ ತಲೆಮಾರಿನಲ್ಲೂ ಒಬ್ಬ ಬಲ್ಲವನು ಬೇಕು. ಅದರ ಈ ನಶ್ವರತೆಯೇ ವಿದ್ಯೆಯನ್ನು ಕೈಯಿಂದ ಕೈಗೆ ದಾಟಿಸಿದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಬಲವಾದದ್ದು. ಅರ್ಥ ಬಳಕೆಯಿಂದ ಬರುವುದಾದರೆ, ಕಂಪ್ಯೂಟರ್ ನಡೆಸುವ ಯಂತ್ರ ಕೊರೆದ ಬಾಗಿಲಿಗೂ ಅದೇ ಅರಿಸಿನ, ಅದೇ ಪೂಜೆ ಸಲ್ಲುತ್ತದಲ್ಲ? ನಿಜ, ಆ ಹೊಸ್ತಿಲೂ ಪೂಜ್ಯವೇ; ಕಡಿಮೆ ಖರ್ಚಿನಲ್ಲಿ ಲಕ್ಷ್ಮಿಯನ್ನು ಬಾಗಿಲಿಗೆ ಕರೆದವರನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ. ನಷ್ಟವಾಗುವುದು ವಿದ್ಯೆಗೆ. ಯಂತ್ರ ತನಗೆ ಕೊಟ್ಟ ನಕ್ಷೆಯನ್ನು ಎಲ್ಲ ಹಲಗೆಗೂ ಒಂದೇ ಸಮನೆ ಇಳಿಸುತ್ತದೆ. ಬಡಗಿಯಾದರೋ ಎಳೆ ಹರಿದ ದಿಕ್ಕು ನೋಡಿ ಉಳಿ ತಿರುಗಿಸುತ್ತಾನೆ, ಗಂಟು ಎದುರಾದರೆ ಅಲ್ಲೊಂದು ಹೂವಿನ ನಡುವನ್ನು ಕೂರಿಸುತ್ತಾನೆ. ಹೊಸಕೋಟೆಯ ಅವಿಮುಕ್ತೇಶ್ವರನ ತೇರೇ ಇರಲಿ, ಯಾವುದೇ ಊರಿನ ತೇರಿರಲಿ, ಅದರಲ್ಲೊಂದು ಹಲಗೆ ಸೀಳಿದಾಗ ಪಕ್ಕದ ಹಳೆಯ ಕೆತ್ತನೆಗೆ ಹೊಂದುವ ಹೊಸದನ್ನು ಕೂಡಿಸಲು ಇಂಥ ಕಣ್ಣೇ ಬೇಕು.

ಕೆತ್ತನೆಗಾಗಿ ಕಾಡು ಬರಿದಾದೀತೆಂಬ ಚಿಂತೆಯನ್ನೂ ತಳ್ಳಿಹಾಕುವಂತಿಲ್ಲ. ಗಂಧದ ಮರ ಕೆತ್ತುವ ಸಾಗರ, ಸೊರಬದ ಗುಡಿಗಾರರಿಗೆ ಆ ಮರ ಎಷ್ಟು ದುಬಾರಿಯಾಯಿತೆಂಬುದು ಕಣ್ಣೆದುರಿನ ಪಾಠ. ಆದರೆ ಅದಕ್ಕೆ ಮದ್ದು ಮರ ಬೆಳೆಸುವುದು. ಕರ್ನಾಟಕದ ಅರಣ್ಯ ಕಾನೂನಿನ 2001ರ ತಿದ್ದುಪಡಿ ಬೆಳೆದವನಿಗೇ ಗಂಧದ ಮರದ ಒಡೆತನ ಕೊಟ್ಟ ಮೇಲೆ ರೈತರು ಅದನ್ನು ಹೊಲದಲ್ಲಿ ನೆಡತೊಡಗಿದರು. ನೀಲಗಿರಿ ತೋಪುಗಳು ಹಬ್ಬಿದ ನಮ್ಮ ಬಯಲಿನಲ್ಲಿ ಬದುವಿಗೆ ಹಲಸು, ಬೇವು ಹಾಕಿದರೆ ನೆರಳೂ ಸಿಕ್ಕೀತು, ಮುಂದೊಂದು ದಿನ ಬಾಗಿಲಿಗೆ ಹಲಗೆಯೂ ಆದೀತು. ಹಳೆಯ ಕೆತ್ತನೆಗಳನ್ನು ಕಾಪಾಡುವುದು ಒಳ್ಳೆಯದೇ; ಕೆತ್ತುವವರನ್ನು ಕಾಪಾಡುವುದು ಅದಕ್ಕೂ ಮೊದಲ ಕೆಲಸ. ತೇರು ರಿಪೇರಿಗೆ ಕೊಡುವ ಗುಡಿಯವರು ಹಿರಿಯ ಬಡಗಿಯ ಜೊತೆ ಒಬ್ಬ ಕಲಿಯುವ ಹುಡುಗನಿಗೂ ಕೂಲಿ ಕೊಡಲಿ. ಮನೆ ಕಟ್ಟುವವರು ಬೇರೆಲ್ಲ ಬಾಗಿಲನ್ನು ಅಂಗಡಿಯಿಂದ ತಂದರೂ ತಲೆಬಾಗಿಲ ಮೇಲಿನ ಒಂದು ಹಲಗೆಯನ್ನಾದರೂ ಕೈಯಲ್ಲಿ ಕೆತ್ತಿಸಲಿ. ಕೆಲಸ ಸಿಕ್ಕರೆ ಕೈ ಪಳಗುತ್ತದೆ, ಪಳಗಿದ ಕೈಯಿದ್ದರೆ ಗಜಲಕ್ಷ್ಮಿ ಮುಂದಿನ ತಲೆಮಾರಿನ ಬಾಗಿಲಿಗೂ ಬರುತ್ತಾಳೆ.